ಡಿಫ್‌ನೊಳಗಿನ ಕಲ್ಲು

ನನ್ನ ಭಾವ ಆಟದ ಕಾರು ರಿಪೇರಿ ಮಾಡುತ್ತಾರೆ ಎಂದರೆ ಅವರಿಗೆ ಮೂಗಿನ ತುದಿಯಲ್ಲಿ ಸಿಟ್ಟು. "ಆಟದ ಕಾರಲ್ಲ, ರೇಸ್ ಕಾರು" ಎಂದು ತಿದ್ದುತ್ತಿದ್ದರು. ರಿಮೋಟ್ ಹಿಡಿದು ಓಡಿಸುವ, ಬೆಕ್ಕಿನ ಮರಿಯಷ್ಟು ಉದ್ದದ ಕಾರಿಗೆ ಅಷ್ಟು ದೊಡ್ಡ ಹೆಸರು ಯಾಕೆ ಎಂದು ನಾನು ಬೇಕೆಂದೇ ಕೆಣಕುತ್ತಿದ್ದೆ. ನಾದಿನಿಗೆ ಅಷ್ಟೂ ಹಕ್ಕಿಲ್ಲದಿದ್ದರೆ ಅಕ್ಕನನ್ನು ಕೊಟ್ಟು ಏನು ಪ್ರಯೋಜನ?

ಅವರ ಅಂಗಡಿ ಮೆಟ್ಟಿಲಿನ ಕೆಳಗಿನ ಕಿರಿದಾದ ಕೋಣೆ. ಒಂದು ಪಕ್ಕ ಬೀಗದ ಕೈ ಮಾಡುವವನು, ಇನ್ನೊಂದು ಪಕ್ಕ ಲಾಂಡ್ರಿ. ಲಾಂಡ್ರಿಯಲ್ಲಿ ಅಕ್ಕ ಇಸ್ತ್ರಿ ಮಾಡುತ್ತಾಳೆ, ಅಂಗಡಿಯ ಕೌಂಟರಿನಲ್ಲಿ ನಾನು ಕೂರುತ್ತೇನೆ. ಬೆಂಚಿನ ಮೇಲೆ ಹಳೆಯ ಟವೆಲ್ ಹಾಸಿದ ತಟ್ಟೆ, ದಪ್ಪ ಗಾಜಿನ ತುಂಡು, ನೀರು ಹಾಕಿ ಉಜ್ಜುವ ಎಮರಿ ಪೇಪರ್, ಚಿಮುಟ, ಸಾಮಾನನ್ನು ಕಚ್ಚಿ ಹಿಡಿಯುವ ಒಂದು ಪುಟ್ಟ ವೈಸ್. ಇಷ್ಟೇ ಭಾವನ ಸಾಮ್ರಾಜ್ಯ. ಅಲ್ಲಿ ಸೀನುವುದಕ್ಕೂ ಅಪ್ಪಣೆ ಕೇಳಬೇಕಿತ್ತು, ಯಾಕೆಂದರೆ ತಟ್ಟೆಯಲ್ಲಿರುವ ಉಕ್ಕಿನ ಗುಂಡುಗಳು ಸಾಸಿವೆ ಕಾಳಿಗಿಂತ ಒಂದಿಷ್ಟು ದೊಡ್ಡವು ಅಷ್ಟೇ.

ಭಾವ ಎಲ್ಲ ರಿಪೇರಿಯನ್ನೂ ಮಾಡುತ್ತಿದ್ದರಾದರೂ ಜನ ದೂರದಿಂದ ಬರುತ್ತಿದ್ದದ್ದು ಡಿಫರೆನ್ಷಿಯಲ್‌ಗಾಗಿ. ಅಂಗಡಿಯಲ್ಲಿ ಅದಕ್ಕೆ ಡಿಫ್ ಎಂದೇ ಹೆಸರು. ಅದು ಹಿಂದಿನ ಎರಡು ಚಕ್ರಗಳ ನಡುವೆ ಕೂರುತ್ತದೆ. ಕಾರು ತಿರುವು ತೆಗೆದುಕೊಳ್ಳುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಇಬ್ಬರಿಗೂ ಅವರವರ ವೇಗ ಕೊಟ್ಟು, ಜಗಳವಾಗದಂತೆ ನೋಡಿಕೊಳ್ಳುವುದು ಡಿಫ್ ಕೆಲಸ. ಭಾವ ಇದನ್ನು ನನಗೆ ವಿವರಿಸಿದ ದಿನ ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಗೊತ್ತಾಯ್ತು ಬಿಡಿ. ಈ ಮನೇಲಿ ಹೊರಗಿನ ಚಕ್ರ ನಾನು" ಅಂದಿದ್ದಳು. ಭಾವ ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆಮೇಲೆ ಅದು ಕಾಣೆಯಾಯಿತು.

ಡಿಫ್ ಒಳಗೆ ಎರಡು ಉಕ್ಕಿನ ಉಂಗುರ, ಅವುಗಳ ನಡುವೆ ಪ್ಲಾಸ್ಟಿಕ್ ಹಲ್ಲುಚಕ್ರದ ತೂತುಗಳಲ್ಲಿ ಕೂತ ಗುಂಡುಗಳು, ಒಂದಿಷ್ಟು ಗ್ರೀಸು, ಎಲ್ಲವನ್ನೂ ಬಿಗಿಹಿಡಿಯುವ ಒಂದೇ ಒಂದು ಸ್ಕ್ರೂ. ಹೆಚ್ಚು ಬಿಗಿದರೆ ಉಂಗುರದಲ್ಲಿ ಗೀರು ಬಿದ್ದು ಸವೆಯುತ್ತದೆ. ಸಡಿಲ ಬಿಟ್ಟರೆ ಗುಂಡು ಜಾರಿ, ಬಿಸಿಯಾಗಿ, ಒಳಗೆಲ್ಲ ಸುಟ್ಟುಹೋಗುತ್ತದೆ. ಎಷ್ಟು ಬಿಗಿಯಬೇಕು ಎಂಬುದನ್ನು ಯಾವ ಅಳತೆಯ ಉಪಕರಣವೂ ಹೇಳುವುದಿಲ್ಲ, ಕೈಯೇ ಹೇಳಬೇಕು. ಭಾವ ನಡುವಿನ ಹಲ್ಲುಚಕ್ರವನ್ನು ಎಡಗೈಯಲ್ಲಿ ಅಲುಗಾಡದಂತೆ ಹಿಡಿದು, ಬಲಗೈಯಿಂದ ಒಂದು ಪಕ್ಕದ ಚಕ್ರವನ್ನು ತೀರ ನಿಧಾನವಾಗಿ ತಿರುಗಿಸುತ್ತಿದ್ದರು. ಇನ್ನೊಂದು ಪಕ್ಕದ ಚಕ್ರ ಅಷ್ಟೇ ನಿಧಾನವಾಗಿ ಹಿಂದಕ್ಕೆ ತಿರುಗುತ್ತಿತ್ತು. ಕಣ್ಣು ಮುಚ್ಚಿರುತ್ತಿದ್ದರು. ಒಳಗೆ ಸವೆತವಿದ್ದರೆ ಅನ್ನ ಉಣ್ಣುವಾಗ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ ಬೆರಳಿಗೆ ಸಿಗುತ್ತದಂತೆ. "ಕಲ್ಲು ಸಿಗ್ತಾ ಇದೆ" ಎಂದು ಅವರು ಹೇಳಿದರೆ ಮುಗಿಯಿತು, ಮೇಲ್ಮನವಿ ಇರಲಿಲ್ಲ. ಬಿಚ್ಚಿದರೆ ಉಂಗುರದ ಮೇಲೆ ಕೂದಲೆಳೆಯಂಥ ಗೀರು ಇದ್ದೇ ಇರುತ್ತಿತ್ತು. ಆ ಬಲಗೈಯ ಎರಡು ಬೆರಳೇ ನಮ್ಮ ಅಂಗಡಿ. ಉಳಿದದ್ದೆಲ್ಲ ಬರೀ ಗೋಡೆ.

ತಪ್ಪು ಹುಡುಕುವುದಕ್ಕೂ ಅವರದೇ ಪದ್ಧತಿ ಇತ್ತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಉಂಗುರ ಬದಲಾಯಿಸಿದ ದಿನ ಗ್ರೀಸು ಮುಟ್ಟಬಾರದು. "ಎಲ್ಲಾನೂ ಒಟ್ಟಿಗೆ ಬದಲಾಯಿಸಿದ್ರೆ ಕಾರು ಸರಿಹೋಗಬಹುದು, ಕಳ್ಳ ಯಾರು ಅಂತ ಗೊತ್ತಾಗಲ್ಲ" ಎನ್ನುತ್ತಿದ್ದರು. ಕಾರು ಓಡಿಸಲು ಬಾರದೆ ಡಿಫ್ ಮೇಲೆ ದೂರು ಹೇಳುವವರಿಗಂತೂ ಅವರ ಬಳಿ ಒಂದೇ ಗಾದೆ ಸಿದ್ಧವಿತ್ತು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ." ಎಷ್ಟೋ ಗಿರಾಕಿಗಳು ಅದನ್ನು ಕೇಳಿ ಮುಖ ಊದಿಸಿಕೊಂಡು ಹೋಗಿ, ಮರುವಾರ ಅದೇ ಮುಖ ಇಳಿಸಿಕೊಂಡು ಬಂದಿದ್ದಾರೆ.

ಟೀಚರಮ್ಮನ ಕಾರಿನ ಕಥೆ ಹೇಳಿದರೆ ಅವರ ಬುದ್ಧಿ ಹೇಗೆ ಓಡುತ್ತಿತ್ತು ಎಂದು ತಿಳಿಯುತ್ತದೆ. ಟೀಚರಮ್ಮ ನಿವೃತ್ತರಾದ ಗಣಿತದ ಮೇಡಂ. ಭಾನುವಾರ ಹಳೇ ಗೋದಾಮಿನಲ್ಲಿ ಕಾರ್ಪೆಟ್ ಹಾಸಿ ನಡೆಯುವ ರೇಸಿನಲ್ಲಿ ಅವರನ್ನು ಹಿಂದೆ ಹಾಕುವುದು ಸುಲಭವಿರಲಿಲ್ಲ. ಅವರ ಡಿಫ್ ಮಾತ್ರ ಎಲ್ಲರದಕ್ಕಿಂತ ಬೇಗ ಸವೆಯುತ್ತಿತ್ತು. ಭಾವ ಉಂಗುರ ಬದಲಾಯಿಸಿದರು, ಆಮೇಲೆ ಗುಂಡು, ಆಮೇಲೆ ಗ್ರೀಸು. ಮತ್ತೆ ಮತ್ತೆ ಸವೆತ. ಕೊನೆಗೆ ಕಾರನ್ನೇ ತರಿಸಿಕೊಂಡು ಗಾಜಿನ ಮೇಲೆ ಮೆಲ್ಲಗೆ ಉರುಳಿಸಿದರು. ಅದು ನೇರ ಹೋಗದೆ ಒಂದು ಪಕ್ಕಕ್ಕೆ ವಾಲಿತು. ಟೀಚರಮ್ಮ ಸ್ಪಂಜಿನ ಟೈರುಗಳನ್ನು ಮನೆಯಲ್ಲೇ ಉಜ್ಜಿ ಅಳತೆಗೆ ತಂದುಕೊಳ್ಳುತ್ತಿದ್ದರು, ಒಂದು ಟೈರು ಇನ್ನೊಂದಕ್ಕಿಂತ ಚೂರು ಸಣ್ಣದಾಗಿತ್ತು. ಹಾಗಾಗಿ ನೆಟ್ಟಗಿನ ದಾರಿಯಲ್ಲೂ ಡಿಫ್ ಬಿಡುವಿಲ್ಲದೆ ದುಡಿಯುತ್ತಿತ್ತು. "ಡಿಫ್ ಸವೆದಿದೆ ಅಂದ್ರೆ ಡಿಫ್‌ದೇ ತಪ್ಪು ಅಂತ ಅಲ್ಲ ಮೇಡಂ. ಬೇರೆ ಯಾರದೋ ತಪ್ಪನ್ನ ಅದು ಹೊರ್ತಾ ಇರುತ್ತೆ" ಎಂದರು ಭಾವ. ನಾನು ಆ ಮಾತನ್ನು ಕೇಳಿ, ಅಬ್ಬಾ ನಮ್ಮ ಭಾವ ಪ್ರವಚನ ಶುರು ಮಾಡಿದರು ಎಂದು ಅಣಕಿಸಿದ್ದೆ.

ಕೇಡು ಗ್ರೀಸಿನ ಡಬ್ಬಿಯಿಂದ ಶುರುವಾಯಿತು. ಒಂದು ಬೆಳಿಗ್ಗೆ ಭಾವ ಹೊಸ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು, ಮತ್ತೆ ಹತ್ತಿರ ಹಿಡಿದರು.

"ಇದಕ್ಕೆ ವಾಸನೇನೇ ಇಲ್ಲ. ನಕಲಿ ಮಾಲು" ಎಂದರು.

ನಾನು ಕೌಂಟರಿನಿಂದಲೇ, "ಇಲ್ಲೀವರೆಗೂ ಬರ್ತಾ ಇದೆಯಲ್ಲ ಭಾವ, ತಲೆನೋವು ಬರೋ ಹಾಗೆ" ಎಂದೆ. ನಾನು ಹುಡುಗಾಟ ಆಡುತ್ತಿದ್ದೇನೆ ಎಂದುಕೊಂಡರೋ ಏನೋ, ಮುಚ್ಚಳ ಬಿಗಿದು ಡಬ್ಬಿಯನ್ನು ಬದಿಗೆ ತಳ್ಳಿದರು.

ಆ ಮಾಲು ಬಂದದ್ದು ಗುಂಡಣ್ಣನಿಂದ. ಉಕ್ಕಿನ ಗುಂಡು ಮಾರುವುದಕ್ಕೆ ಆ ಹೆಸರೋ, ಅವರ ಹೊಟ್ಟೆಯ ಆಕಾರಕ್ಕೋ, ಈಗ ಯಾರಿಗೂ ನೆನಪಿಲ್ಲ. ಭಾವನೂ ಅವರೂ ಚಡ್ಡಿ ದೋಸ್ತರು. ಮೋಟಾರು, ಟೈರು, ಗುಂಡು, ಗ್ರೀಸು, ಭಾವನಿಗೆ ಬೇಕಾದದ್ದೆಲ್ಲ ಅವರೇ ತರಿಸಿಕೊಡುತ್ತಿದ್ದರು. ಗೋದಾಮಿನ ಮೂಲೆಯಲ್ಲಿ ಮೇಜು ಹಾಕಿಕೊಂಡು ರೇಸಿನವರಿಗೂ ಮಾರುತ್ತಿದ್ದರು. ಭಾವ ಅವರನ್ನು ಬೈಯದ ದಿನವಿರಲಿಲ್ಲ, ಅವರಿಲ್ಲದೆ ಭಾವನಿಗೆ ಕಾಫಿ ಇಳಿಯುತ್ತಲೂ ಇರಲಿಲ್ಲ.

ಗ್ರೀಸಿನ ಹಿಂದೆಯೇ ಕಲ್ಲು ಬಂತು. ಹೊಸದಾಗಿ ಜೋಡಿಸಿದ ಡಿಫ್ ತಿರುಗಿಸಿ, "ಕಲ್ಲು" ಎಂದರು ಭಾವ. ಬಿಚ್ಚಿದರು. ಉಂಗುರ ಕನ್ನಡಿಯ ಹಾಗಿತ್ತು. ತೊಳೆದು ಮತ್ತೆ ಜೋಡಿಸಿದರು. ಮತ್ತೆ ಕಲ್ಲು. ಗುಂಡು ಬದಲಾಯಿಸಿದರು. ಕಲ್ಲು. ಆ ವಾರ ಬಂದ ಕಾರುಗಳಲ್ಲೆಲ್ಲ ಕಲ್ಲು. ಗಿರಾಕಿಗಳು ತಿರುಗಿಸಿ ನೋಡಿ, "ನನಗೇನೂ ಗೊತ್ತಾಗ್ತಾ ಇಲ್ಲ" ಎಂದರೆ, "ನಿಮ್ಮ ಕೈಗೆ ಗೊತ್ತಾಗಿದ್ರೆ ನನ್ನ ಹತ್ರ ಯಾಕೆ ಬರ್ತಿದ್ರಿ?" ಎಂದು ಗದರುತ್ತಿದ್ದರು. ಭಾವನ ಮಾತು ಗಿರಾಕಿಗಳಿಗೆ ವೇದವಾದ್ದರಿಂದ ಕಾರನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಒಂದು ದಿನ ಅವರ ಚಿಮುಟದಿಂದ ಗುಂಡೊಂದು ಜಾರಿ ನೆಲಕ್ಕೆ ಬಿತ್ತು. ನಾನು ಅಂಗಡಿಯಲ್ಲಿ ಕೂರಲು ಶುರು ಮಾಡಿದಾಗಿನಿಂದ ಅಂಥದ್ದು ನೋಡಿರಲಿಲ್ಲ. ಅವರೂ ನೋಡಿರಲಿಲ್ಲ ಎಂದು ಕಾಣುತ್ತದೆ, ಚಿಮುಟವನ್ನು ಎತ್ತಿ ಬೆಳಕಿಗೆ ಹಿಡಿದು, ಅದರ ಮೂತಿ ಸೊಟ್ಟಗಾಗಿದೆ ಎಂದು ಹೊಸದು ತರಿಸಿದರು. ಕಳಿಸಿದವರು ಗುಂಡಣ್ಣ. ಅದರಿಂದಲೂ ಗುಂಡು ಬಿತ್ತು.

ನಾನು ಬಾಯಿಬಡುಕಿ, ಆದರೆ ಕುರುಡಿಯಲ್ಲ. ಬೇರೆ ಬೇರೆ ಸಂಗತಿಗಳು ಕಣ್ಣಿಗೆ ಬೀಳತೊಡಗಿದವು. ಭಾವ ಬೀದಿಯಲ್ಲಿ ಬರುವಾಗ ಎಡಗೈ ಬೀಸುತ್ತಿತ್ತು, ಬಲಗೈ ಯಾರೋ ಹೊಲಿದುಬಿಟ್ಟ ಹಾಗೆ ಮೈಗೆ ಅಂಟಿಕೊಂಡಿರುತ್ತಿತ್ತು. ಅಂಗಡಿಯ ಬಾಗಿಲಲ್ಲಿ ಬಿಡುವ ಚಪ್ಪಲಿಯಲ್ಲಿ ಎಡಗಾಲಿನದು ಹೊಸದರಂತಿತ್ತು, ಬಲಗಾಲಿನದು ಹೆಬ್ಬೆರಳಿನ ತುದಿಯಲ್ಲಿ ಸವೆದು ತೂತು ಬೀಳುವುದರಲ್ಲಿತ್ತು. ಎರಡನ್ನೂ ಒಂದೇ ದಿನ ತಂದದ್ದು. ನಾನು ಕೆಣಕಿದರೆ ಮೊದಲಿನಂತೆ ತಿರುಗಿ ಕೊಡುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಸಿಟ್ಟು ಬಂದಿದೆಯೇ ಎಂದು ನೋಡಿದರೆ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಮನೆಯ ಒಳಗೆ ಜನರಿದ್ದೂ ಬಾಗಿಲು ಹಾಕಿದ ಹಾಗಿತ್ತು ಆ ಮುಖ.

ಒಂದು ಬೆಳಿಗ್ಗೆ ಅವರ ಕೋಣೆಯ ಬಾಗಿಲು ಅರೆ ತೆರೆದಿತ್ತು. ಅಕ್ಕ ಭಾವನ ಅಂಗಿಯ ಗುಂಡಿ ಹಾಕುತ್ತಿದ್ದಳು. "ಓಹೋ, ಹೊಸ ಮದುಮಕ್ಕಳು!" ಎಂದು ಕೂಗಿದೆ. ಇಬ್ಬರೂ ತಿರುಗಿ ನೋಡಿದರು. ಅಕ್ಕ ಕೊನೆಯ ಗುಂಡಿ ಹಾಕಿ ಬಾಗಿಲು ಮುಚ್ಚಿದಳು.

ಆಮೇಲೆ ಲಾಂಡ್ರಿಯಲ್ಲಿ ಹಿಡಿದುಕೊಂಡು ಕೇಳಿದೆ. "ಅಕ್ಕ, ಭಾವನಿಗೆ ಏನಾಗಿದೆ?"

"ಏನಾಗಿದೆ? ವಯಸ್ಸಾಗಿದೆ."

"ಡಾಕ್ಟರ ಹತ್ರ ಹೋಗೋಣ ಅನ್ನು."

"ನಾನು ಅನ್ನಲ್ಲ ಅಂದ್ಕೊಂಡ್ಯಾ? ಗುಂಡಣ್ಣ ಕಳಿಸೋ ಮಾಲು ಸರಿಹೋದ್ರೆ ತಾವೂ ಸರಿಹೋಗ್ತಾರಂತೆ." ಅಷ್ಟು ಹೇಳಿ ಅವಳು ಬೇರೆ ಕಡೆ ನೋಡುತ್ತ ನಿಂತಳು. ಇಸ್ತ್ರಿ ಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಮೇಲೆ ಹಾಗೇ ಕೂತು ಕಮರು ವಾಸನೆ ಎದ್ದಿತು. ಬೀಗದ ಕೈಯವನು ತನ್ನ ಅಂಗಡಿಯಿಂದ, "ಏನಮ್ಮಾ, ಏನೋ ಸುಡ್ತಾ ಇದೆ!" ಎಂದು ಓಡಿ ಬಂದ. ನಡುವಿನ ಅಂಗಡಿಯಲ್ಲಿ ಕೂತಿದ್ದ ಭಾವ ಆ ವಾಸನೆಗೆ ತಲೆಯನ್ನೇ ಎತ್ತಲಿಲ್ಲ. ಅಕ್ಕನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಕಲ್ಲು ಹೋಗಲಾಡಿಸಬೇಕೆಂದು ಭಾವ ಸ್ಕ್ರೂ ಸಡಿಲ ಬಿಡತೊಡಗಿದ್ದು ನನಗೆ ಗೊತ್ತಿರಲಿಲ್ಲ. ಸಡಿಲವಾದಷ್ಟೂ ಅವರ ಬೆರಳಿಗೆ ನುಣುಪಾಗಿ ಕಂಡಿರಬೇಕು. ಅದರ ಫಲ ಭಾನುವಾರ ಗೋದಾಮಿನಲ್ಲಿ ಸಿಕ್ಕಿತು. ಟೀಚರಮ್ಮನ ಕಾರು ಎಲ್ಲರಿಗಿಂತ ಮುಂದಿತ್ತು. ನೆಟ್ಟಗಿನ ದಾರಿಗೆ ಬಂದು ಜೋರು ಕೊಟ್ಟರೆ ಮೋಟಾರು ಕಿರುಚಿತೇ ಹೊರತು ಚಕ್ರ ತಿರುಗಲಿಲ್ಲ. ಬಿಚ್ಚಿ ನೋಡಿದರೆ ಗುಂಡು ಜಾರಿ ಜಾರಿ ಕಾದು, ಪ್ಲಾಸ್ಟಿಕ್ಕಿನ ಹಲ್ಲುಚಕ್ರ ಕರಗಿ ಉಂಗುರಕ್ಕೆ ಅಂಟಿಕೊಂಡಿತ್ತು. ಭಾವನ ಬೆಂಚಿನಿಂದ ಹೋದ ಡಿಫ್ ಹಾಗೆ ಸುಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಸುತ್ತ ಜನ ಸೇರಿದರು.

ಭಾವ ಆ ಸುಟ್ಟ ತುಂಡನ್ನು ಎಡಗೈಯಲ್ಲಿ ಎತ್ತಿಕೊಂಡು ಸೀದಾ ಗುಂಡಣ್ಣನ ಮೇಜಿಗೆ ಹೋದರು. "ನೋಡಿಕೊ ನಿನ್ನ ಮಾಲು. ಎಷ್ಟು ದಿನದಿಂದ ಈ ಕಸ ಮಾರ್ತಾ ಇದೀಯ?" ಎಂದರು. ಧ್ವನಿ ಎತ್ತರಿಸಲು ನೋಡಿದರು, ಅದು ಮೇಲೆ ಹೋಗದೆ ಗಂಟಲಲ್ಲೇ ಉಳಿಯಿತು. ಅದು ಕೂಗಿಗಿಂತ ಕೆಟ್ಟದಾಗಿ ಕೇಳಿಸಿತು.

"ಲೋ, ಇದು ಸಡಿಲ ಇದ್ದು ಸುಟ್ಟಿರೋದು. ನೋಡಿದ್ರೇ ಗೊತ್ತಾಗುತ್ತೆ" ಎಂದರು ಗುಂಡಣ್ಣ.

"ನನಗೆ ಡಿಫ್ ಬಿಗಿಯೋದು ಹೇಳಿಕೊಡ್ತೀಯಾ? ನಕಲಿ ಗುಂಡು, ನಕಲಿ ಗ್ರೀಸು. ನೀನು ಕಳ್ಳ ಕಣೋ."

ಗುಂಡಣ್ಣನ ಮುಖ ಕಪ್ಪಿಟ್ಟಿತು. ಎಲ್ಲರೆದುರು ಆ ಮಾತು ಕೇಳಿದ ಮನುಷ್ಯ ಏನಾದರೂ ಅನ್ನಲೇಬೇಕಿತ್ತು, ಅಂದರು. "ನೀನೇ ಹೇಳ್ತಿದ್ದೆಯಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಯಾರೋ ಹಿಂದಿನಿಂದ ನಕ್ಕರು. ಭಾವನ ಬಲಗೈ ಅಂಗಿಯ ಜೇಬಿನೊಳಗೆ ಇತ್ತು. ಜೇಬಿನ ಬಟ್ಟೆ ಒಳಗೆ ಇಲಿ ಸಿಕ್ಕಿಬಿದ್ದ ಹಾಗೆ ಅಲುಗುತ್ತಿರುವುದು ನನಗೆ ಕಂಡಿತು. ನನ್ನ ಕಣ್ಣನ್ನು ನಾನು ಬೇರೆ ಕಡೆ ತಿರುಗಿಸಿಕೊಂಡೆ.

ಮನೆಗೆ ಬರುವ ದಾರಿಯಲ್ಲಿ ಭಾವ ಒಂದೇ ಮಾತು ಆಡಿದರು. ಬೇರೆ ಊರಿನಿಂದ, ಗುಂಡಣ್ಣನ ನೆರಳೂ ಬೀಳದ ಕಡೆಯಿಂದ ಎಲ್ಲ ಸಾಮಾನು ತರಿಸಿ ಒಂದು ಡಿಫ್ ಕಟ್ಟುವುದಾಗಿಯೂ, ಅದು ಬೆಣ್ಣೆಯಂತೆ ತಿರುಗುವುದನ್ನು ರೇಸ್ ಕ್ಲಬ್ಬಿನವರಿಗೆ ತೋರಿಸಿ ಗುಂಡಣ್ಣನ ಮೇಜನ್ನು ಗೋದಾಮಿನಿಂದ ಎತ್ತಿಸುವುದಾಗಿಯೂ ಹೇಳಿದರು. ಅನುಮಾನಂ ಪೆದ್ದ ರೋಗಂ, ಅನುಮಾನವೇ ದೊಡ್ಡ ರೋಗ ಎನ್ನುತ್ತಾರೆ, ಅದಕ್ಕೆ ಮದ್ದಿಲ್ಲ ಎಂದು ನನಗೆ ಮೈ ಉರಿಯಿತು. ಅದಕ್ಕಿಂತ ದೊಡ್ಡ ರೋಗದ ಭಯ ಒಳಗಿದ್ದುದರಿಂದಲೇ ಅಷ್ಟು ಉರಿಯಿತು ಎಂದು ಈಗ ಅನಿಸುತ್ತದೆ.

ಸಾಮಾನು ಬಂತು. ಒಂದು ಮಧ್ಯಾಹ್ನ, ಬೀದಿಯಲ್ಲಿ ಜನ ಕಡಿಮೆಯಿದ್ದಾಗ, ಭಾವ ಬೆಂಚಿನ ದೀಪ ಹಾಕಿ ಕೂತರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು, ಸಾಕ್ಷಿ ಬೇಕಿತ್ತಲ್ಲ. ಉಂಗುರ ಹೊಸದು. ಗುಂಡು ಹೊಸದು. ಗ್ರೀಸು ಹೊಸದು, ಸ್ಕ್ರೂ ಕೂಡ ಹೊಸದು. ಮೊದಲಾದರೆ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸ ಈಗ ಮುಗಿಯುವಷ್ಟರಲ್ಲಿ ಬಿಸಿಲು ಕೌಂಟರಿನಿಂದ ಇಳಿದು ನೆಲಕ್ಕೆ ಬಂತು. ಗುಂಡು ಬಿದ್ದಾಗಲೆಲ್ಲ ನಾನು ಬಗ್ಗಿ ಹುಡುಕಿ ತಟ್ಟೆಗೆ ಹಾಕುತ್ತಿದ್ದೆ, ಅವರು ಅದನ್ನು ನೋಡದವರಂತೆ ಇರುತ್ತಿದ್ದರು.

ಜೋಡಿಸಿ ಮುಗಿಸಿ, ಕಣ್ಣು ಮುಚ್ಚಿ, ಬಲಗೈಯಿಂದ ನಿಧಾನವಾಗಿ ತಿರುಗಿಸಿದರು. ಬೆಣ್ಣೆಯಂತಿರಲಿ ದೇವರೇ ಎಂದು ಬೇಡಿಕೊಂಡೆ, ಗುಂಡಣ್ಣ ಕಳ್ಳನೇ ಆಗಿಬಿಡಲಿ ಎಂದು ಬೇಡಿಕೊಂಡೆ.

"ಕಲ್ಲು" ಎಂದರು ಭಾವ.

ಡಿಫ್ ಅನ್ನು ನನ್ನ ಕೈಗೆ ಕೊಟ್ಟರು. ತಿರುಗಿಸಿದೆ. ಹಾಲಿನ ಕೆನೆಯೊಳಗೆ ಬೆರಳಾಡಿಸಿದ ಹಾಗಿತ್ತು. ವಾಪಸು ಕೊಟ್ಟೆ. ನನ್ನ ಬಾಯಿ ಕಟ್ಟಿದ್ದು ಅವರಿಗೆ ಸಾಕಾಗಿತ್ತು.

ಅವರು ಡಿಫ್ ಅನ್ನು ದೀಪದ ಕೆಳಗೆ ಹಿಡಿದು ನೋಡಿದರು. ಆಮೇಲೆ ಗಿರಾಕಿಯ ಕಾರಿನ ಬಗ್ಗೆ ಕೇಳುವ ಧ್ವನಿಯಲ್ಲೇ ಕೇಳಿದರು. "ಏನೇನು ಬದಲಾಯಿಸಿದ್ವಿ? ಹೇಳು."

"ಉಂಗುರ."

"ಹೂಂ."

"ಗುಂಡು. ಗ್ರೀಸು. ಸ್ಕ್ರೂ. ಚಿಮುಟ."

"ಬದಲಾಯಿಸದೆ ಉಳಿದಿರೋದು?"

ನನ್ನನ್ನು ಕೊಚ್ಚಿದರೂ ಅದನ್ನು ಹೇಳುತ್ತಿರಲಿಲ್ಲ. ಭಾವ ಡಿಫ್‌ನ ಹಲ್ಲುಚಕ್ರವನ್ನು ವೈಸಿಗೆ ಮೆಲ್ಲಗೆ ಕಚ್ಚಿಸಿದರು. ಬಲಗೈಯಿಂದ ತಿರುಗಿಸಿದರು. ನಿಲ್ಲಿಸಿದರು. ಬಲಗೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಅದೇ ಚಕ್ರವನ್ನು ಎಡಗೈಯಿಂದ ತಿರುಗಿಸಿದರು. ಒಂದು ಸುತ್ತು, ಇನ್ನೊಂದು ಸುತ್ತು. ಮತ್ತೆ ಬಲಗೈ. ಮತ್ತೆ ಎಡಗೈ. ಜೀವಮಾನವೆಲ್ಲ ಮಾಡಿದ ಹಾಗೆಯೇ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿದರು.

ದೀಪದ ಕೆಳಗೆ ಅವರ ಮುಖ ಹಾಗೇ ಇತ್ತು, ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಅವರು ಬಲಗೈಯನ್ನು ನನ್ನ ಮುಂದೆ ಚಾಚಿದರು. "ಮಣಿಕಟ್ಟು ಹಿಡಿ. ಇನ್ನೊಂದು ಕೈಯಲ್ಲಿ ಬೆರಳು ಹಿಡಿದು ತಿರುಗಿಸು. ನಿಧಾನಕ್ಕೆ. ಕಣ್ಣು ಮುಚ್ಚಿಕೊ."

"ಯಾಕೆ ಭಾವ ಇದೆಲ್ಲ, ಬಿಡಿ..."

"ತಿರುಗಿಸು ಅಂದೆ."

ಉಗುರು ಮೋಟಾಗಿ ಕಡಿದ, ಗ್ರೀಸಿನ ಕಪ್ಪು ಗೆರೆಗಳಲ್ಲಿ ಕೂತ ಆ ಕೈಯನ್ನು ನಾನು ಎಂದೂ ಹಿಡಿದಿರಲಿಲ್ಲ. ಕಣ್ಣು ಮುಚ್ಚಿ ಮಣಿಕಟ್ಟನ್ನು ಮೆಲ್ಲಗೆ ಬಾಗಿಸಿದೆ. ಅದು ಸಲೀಸಾಗಿ ಬಾಗಲಿಲ್ಲ. ಚೂರು ಬಾಗಿ ತಡೆಯಿತು, ಬಿಟ್ಟಿತು, ಮತ್ತೆ ತಡೆಯಿತು. ಒಳಗೆ ಹಲ್ಲುಚಕ್ರವೊಂದು ಒಂದೊಂದೇ ಹಲ್ಲು ಏರಿ ಇಳಿಯುತ್ತಿತ್ತು.

"ನುಣ್ಣಗಿದೆ ಭಾವ" ಎಂದೆ.

"ಡಿಫ್ ವಿಷಯದಲ್ಲಿ ಸುಳ್ಳು ಹೇಳೋರಿಗೆ ಈ ಅಂಗಡೀಲಿ ಜಾಗ ಇಲ್ಲ."

ಕಣ್ಣು ತೆರೆದರೆ ನೀರು ಬೀಳುತ್ತದೆಂದು ತೆರೆಯಲಿಲ್ಲ. "ಕಲ್ಲು ಸಿಗ್ತಾ ಇದೆ" ಎಂದೆ.

ಅವರು ಹೂಂ ಎಂದರು. ತಮ್ಮ ಮಾತು ನಿಜವಾಯಿತಲ್ಲ ಎಂಬ ಸಮಾಧಾನದಂಥದ್ದೇನೋ ಆ ಹೂಂ ಒಳಗಿತ್ತು, ಅದನ್ನು ನೆನೆದರೆ ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ. ಆಮೇಲೆ ಎಡಗೈ ಚಾಚಿ, "ಇದನ್ನೂ ನೋಡು" ಎಂದರು. ನೋಡಿದೆ. ನುಣ್ಣಗಿತ್ತು. ಖಂಡಿತ ಮಾಡಿಕೊಳ್ಳಲು ಮತ್ತೊಮ್ಮೆ ಬಾಗಿಸಿದೆ. ಈ ಸಲ ಎಲ್ಲೋ ಆಳದಲ್ಲಿ ಚೂರು ತಡೆದಂತಾಯಿತು. ನನ್ನ ಅನುಮಾನವೇ ಬೆರಳಿಗೆ ಸಿಕ್ಕಿತೋ ಏನೋ, ಹೇಳಲಾರೆ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಲಾಂಡ್ರಿಯಿಂದ ಅಕ್ಕ ಬಂದು ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. ಭಾವ ಅವಳನ್ನು ನೋಡಿ, "ನಾಳೆ ಡಾಕ್ಟರ ಹತ್ರ ಹೋಗೋಣ" ಎಂದರು. ಅವಳು ತಲೆಯಾಡಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಳು.

"ಗುಂಡಣ್ಣನಿಗೆ ಫೋನ್ ಹಚ್ಚು" ಎಂದರು ನನಗೆ.

"ನೀವೇ ಮಾತಾಡಿ ಭಾವ."

"ನನ್ನ ಧ್ವನಿ ಅವನಿಗೆ ಕೇಳಿಸಲ್ಲ. ನೀನೇ ಹೇಳು."

ಹಚ್ಚಿದೆ. ಗುಂಡಣ್ಣ ಎತ್ತಿದರು, ಆದರೆ ಹಲೋ ಅನ್ನಲಿಲ್ಲ. ಏನು ಹೇಳಲಿ ಎಂದು ಭಾವನ ಕಡೆ ನೋಡಿದೆ. ಅವರು ವೈಸಿನಿಂದ ಆ ಹೊಸ ಡಿಫ್ ಅನ್ನು ಬಿಡಿಸಿ, ಗುಂಡುಗಳ ಪಕ್ಕದಲ್ಲಿ ಟವೆಲಿನ ಮೇಲಿಟ್ಟರು.

"ನೆಲ ನೆಟ್ಟಗೇ ಇದೆಯಂತೆ ಅಂತ ಹೇಳು" ಎಂದರು.